ಕೇಳಿದವರು ಹೇಳಿದ ಮೇಲೆ: ಪ್ರಸಂಗ ಮಾಡಲು ಕಲಿತ ಬಗೆ

ಆರಾಧನೆಯಲ್ಲಿ ನಿಂತು ದೇವರ ವಾಕ್ಯವನ್ನು ವಿವರಿಸಿ ಹೇಳುವುದು, ಎಂದರೆ ಪ್ರಸಂಗ ಮಾಡುವುದು, ಕಲಿತು ಬರುವ ವಿದ್ಯೆಯೋ, ದೇವರು ಕೆಲವರಿಗಷ್ಟೇ ಕೊಡುವ ವರವೋ ಎಂಬ ವಿಷಯದಲ್ಲಿ ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಮ್ಮತವಿರಲಿಲ್ಲ. ಅಭಿಷೇಕ ಹೊಂದಿದವನಿಗೆ ಮಾತು ತಾನಾಗಿ ಬರುತ್ತದೆ, ಅಭ್ಯಾಸ ಮಾಡಿ ಒಪ್ಪಿಸಿದ ಪ್ರಸಂಗ ನಾಟಕವಾಗಿಬಿಡುತ್ತದೆ, ದೇವರ ವಾಕ್ಯವನ್ನು ಸಾರಿದವನ ಮೇಲೆ ಕೇಳಿದವರು ತೀರ್ಪು ಹೇಳುವುದಂತೂ ಸಲ್ಲದು ಎಂಬುದು ಕೆಲವರ ನಿಲುವು. ಸಭಾಪಾಲಕರು ವಾದಕ್ಕಿಳಿಯದೆ ಬೈಬಲಿನ ಅಪೊಸ್ತಲರ ಕೃತ್ಯಗಳ ಗ್ರಂಥದ 18ನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿಸಿದರು. ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನು, ಶಾಸ್ತ್ರದಲ್ಲಿ ಪ್ರವೀಣನು, ಆತ್ಮದಲ್ಲಿ ಉತ್ಸಾಹಿ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮುಂಚೆ ಬಂದ ಯೋಹಾನನು ಸಾರಿದ ದೀಕ್ಷಾಸ್ನಾನ ಮಾತ್ರ. ಎಫೆಸದ ಸಭಾಮಂದಿರದಲ್ಲಿ ಅವನ ಮಾತನ್ನು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲರು ಅವನನ್ನು ಎಲ್ಲರೆದುರು ತಡೆಯಲಿಲ್ಲ, ಕೇಳಿಯೂ ಸುಮ್ಮನಾಗಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದರು. ವರವಿದ್ದವನಿಗೂ ತಿದ್ದುವವರು ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನಮಗೆ ಬೇಕಿರಲಿಲ್ಲ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲನು ಅವನ ಅಭಿವೃದ್ಧಿ ಎಲ್ಲರಿಗೂ ಕಾಣುವಂತಿರಲಿ ಎಂದು ಬಯಸುತ್ತಾನೆ. ಕೇಳುವ ಸಭೆಗೆ ಕಾಣುವ ಅಭಿವೃದ್ಧಿಯ ಬಗ್ಗೆ ಆ ಸಭೆಯನ್ನೇ ಕೇಳುವುದರಲ್ಲಿ ತಪ್ಪೇನಿದೆ ಎಂಬ ಸಭಾಪಾಲಕರ ಪ್ರಶ್ನೆಗೆ ಯಾರೂ ಎದುರಾಡಲಿಲ್ಲ.

ಹೀಗೆ ನಮ್ಮ ಅಭ್ಯಾಸ ಆರಂಭವಾಯಿತು. ಹಲವು ವರ್ಷ ದೇವಜ್ಞಾನ ಕಾಲೇಜಿನಲ್ಲಿ ಪ್ರಸಂಗಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಗುರುಗಳೊಬ್ಬರು ನಮ್ಮನ್ನು ನಡೆಸಲು ಒಪ್ಪಿಕೊಂಡರು. ಆದರೆ ಕೇಳುಗರ ವಿಷಯದಲ್ಲಿ ಅವರು ಒಂದು ಷರತ್ತು ಹಾಕಿದರು: ಕಲಿಯುವವರು ಒಬ್ಬರಿಗೊಬ್ಬರು ಪ್ರಸಂಗ ಮಾಡಿಕೊಂಡರೆ ಸಾಲದು, ಭಾನುವಾರ ಬೆಂಚುಗಳಲ್ಲಿ ಕೂರುವಂಥ ಜನರೇ ಎದುರಿಗಿರಬೇಕು. ಪ್ರಸಂಗ ಕಲಿಯುವವರು ಇನ್ನೊಬ್ಬರ ಪ್ರಸಂಗವನ್ನು ಕಸುಬಿನ ಕಣ್ಣಿನಿಂದ ನೋಡುತ್ತಾರೆ. ಪೀಠಿಕೆ ಹೇಗಿತ್ತು, ಉದಾಹರಣೆ ಒಪ್ಪಿತೇ ಎಂದು ಅಳೆಯುತ್ತಾರೆ. ತಮಗಾಗಿ ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಆದ್ದರಿಂದ ಪ್ರೌಢಶಾಲೆಯ ಹುಡುಗನೊಬ್ಬ, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ನರ್ಸ್ ಒಬ್ಬರು, ವಾಹನ ಓಡಿಸುವವರೊಬ್ಬರು, ಗಂಡನನ್ನು ಕಳೆದುಕೊಂಡ ವಯಸ್ಸಾದ ತಾಯಿಯೊಬ್ಬರು ಹೀಗೆ ಬೇರೆ ಬೇರೆ ಬದುಕಿನ ಕೆಲವರನ್ನು ಕೂರಿಸಿಕೊಂಡೆವು.

ನಾವು ಮೊದಲು ಅಭ್ಯಾಸ ಮಾಡಿದ್ದು ಪ್ರಸಂಗವನ್ನಲ್ಲ, ವೇದಪಾಠ ಓದುವುದನ್ನು. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಸ್ಪಷ್ಟವಾಗಿ ಓದಿ, ಅರ್ಥ ಹೇಳಿ, ಜನರು ಗ್ರಹಿಸುವಂತೆ ಮಾಡಿದರೆಂದು ಬರೆದಿದೆ. ಅಲ್ಲಿ ಓದುವಿಕೆಗೆ ಮೊದಲ ಸ್ಥಾನವಿದೆ. ನನ್ನ ಪಾಲಿಗೆ ಬಂದದ್ದು ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದ ಮೊದಲ ಹನ್ನೆರಡು ವಚನಗಳು: ಕಪೆರ್ನೌಮದ ಮನೆಯೊಂದರಲ್ಲಿ ಯೇಸು ಉಪದೇಶಿಸುತ್ತಿರುವಾಗ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಗುಂಪಿನಿಂದಾಗಿ ಹತ್ತಿರ ಬರಲಾಗದೆ, ಛಾವಣಿ ಬಿಚ್ಚಿ ಒಳಕ್ಕಿಳಿಸಿದ ವೃತ್ತಾಂತ. ಶಾಸ್ತ್ರಿಗಳು ಇವನು ದೇವದೂಷಣೆ ಮಾಡುತ್ತಿದ್ದಾನಲ್ಲಾ ಎಂದುಕೊಳ್ಳುವ ಸಾಲನ್ನು ನಾನು ಏರುದನಿಯಲ್ಲಿ ಓದಿದಾಗ ಗುರುಗಳು ಕೈಯೆತ್ತಿ ನಿಲ್ಲಿಸಿ, “ಆ ಮಾತನ್ನು ಆ ಮನೆಯಲ್ಲಿ ಎಷ್ಟು ಜನರು ಕೇಳಿದರು?” ಎಂದು ಕೇಳಿದರು. ಯಾರೂ ಕೇಳಿರಲಿಲ್ಲ, ಶಾಸ್ತ್ರಿಗಳು ಹಾಗೆ ಮನಸ್ಸಿನಲ್ಲೇ ಅಂದುಕೊಂಡಿದ್ದರು, ಅದನ್ನು ಯೇಸು ತನ್ನ ಆತ್ಮದಲ್ಲಿ ತಿಳಿದುಕೊಂಡನೆಂಬುದೇ ಕಥೆಯ ತಿರುವು. ಗದರಿಕೆಯಂತೆ ಓದಿದರೆ ಆ ತಿರುವು ಕಳೆದುಹೋಗುತ್ತದೆ. ಒಂದು ಸಾಲನ್ನು ಯಾವ ದನಿಯಲ್ಲಿ ಓದುತ್ತೇವೆ ಎಂಬುದೇ ಅರ್ಧ ವ್ಯಾಖ್ಯಾನ ಎಂಬುದು ಅಂದು ನನಗೆ ಮನದಟ್ಟಾಯಿತು. ಇಂದಿಗೂ ನನ್ನ ತಯಾರಿ ಗಟ್ಟಿಯಾಗಿ ಓದುವುದರಿಂದಲೇ ಮೊದಲಾಗುತ್ತದೆ.

ಆನಂತರದ ಹೆಜ್ಜೆ, ವಾಕ್ಯಭಾಗ ಏನು ಹೇಳುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ವ್ಯಾಖ್ಯಾನ ಗ್ರಂಥಗಳನ್ನು ಮುಟ್ಟುವ ಮೊದಲೇ ಆ ಭಾಗವನ್ನು ಹಲವು ಸಲ ಓದಿ, ಹುಟ್ಟಿದ ಪ್ರಶ್ನೆಗಳನ್ನೆಲ್ಲ ಗುರುತು ಹಾಕಿಕೊಂಡು, ಆಮೇಲೆ ಗ್ರಂಥಗಳ ನೆರವು ಪಡೆದು ಈ ವಾಕ್ಯಕ್ಕೆ ಬರಬೇಕಿತ್ತು. “ನಂಬಿಕೆಯುಳ್ಳವರು ಎಲ್ಲ ಅಡ್ಡಿಗಳನ್ನೂ ದಾಟಿ ಯೇಸುವಿನ ಬಳಿಗೆ ಬರುತ್ತಾರೆ” ಎಂದು ನಾನು ಬರೆದಿದ್ದೆ. ಗುರುಗಳು ಅದನ್ನು ತಪ್ಪೆನ್ನಲಿಲ್ಲ. “ನಿಮ್ಮ ವಾಕ್ಯದಲ್ಲಿ ಕರ್ತೃ ಯಾರು? ಮಾರ್ಕನ ಕಥೆಯಲ್ಲಿ ಕರ್ತೃ ಯಾರು? ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ” ಎಂದಷ್ಟೇ ಹೇಳಿದರು. ನೋಡಿದೆ. ನನ್ನ ವಾಕ್ಯದಲ್ಲಿ ಕೆಲಸವನ್ನೆಲ್ಲ ಮನುಷ್ಯರೇ ಮಾಡುತ್ತಿದ್ದರು. ಮಾರ್ಕನಲ್ಲಾದರೋ ಆ ನಾಲ್ವರು 5ನೆಯ ವಚನದ ನಂತರ ಕಾಣಿಸಿಕೊಳ್ಳುವುದೇ ಇಲ್ಲ. ಅಲ್ಲಿಂದ ಮುಂದೆ ಮಾತೆಲ್ಲ ಪಾಪಗಳನ್ನು ಕ್ಷಮಿಸುವ ಅಧಿಕಾರ ಯಾರಿಗಿದೆ ಎಂಬುದರ ಸುತ್ತ ನಡೆಯುತ್ತದೆ. ಕಾಲು ಬರಲೆಂದು ಹೊತ್ತು ತಂದವನಿಗೆ ಯೇಸು ಮೊದಲು ಹೇಳುವುದು ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ಹಾಸಿಗೆ ಎತ್ತಿಕೊಂಡು ನಡೆ ಎಂಬ ಮಾತು ಬರುವುದು ಆಮೇಲೆ, ಅದೂ ಮನುಷ್ಯಕುಮಾರನಿಗೆ, ಎಂದರೆ ತನಗೆ, ಆ ಅಧಿಕಾರವುಂಟೆಂದು ತಿಳಿಯಬೇಕೆಂಬ ಕಾರಣಕ್ಕಾಗಿ. ನಾನು ಮತ್ತೆ ಬರೆದೆ: “ಪಾಪಗಳನ್ನು ಕ್ಷಮಿಸುವ ಅಧಿಕಾರ ಯೇಸುವಿಗಿದೆ, ಎದ್ದು ನಡೆದ ಮನುಷ್ಯನೇ ಅದಕ್ಕೆ ಸಾಕ್ಷಿ.”

ವಾಕ್ಯ ಸರಿಯಾದರೆ ಪ್ರಸಂಗವೂ ಸರಿಹೋಗುತ್ತದೆ ಎಂದು ಯಾರಿಗಾದರೂ ಅನಿಸಬಹುದು. ನಮ್ಮ ಅಭ್ಯಾಸದ ನಿಜವಾದ ಪಾಠ ಆರಂಭವಾದದ್ದು ಇಲ್ಲಿಂದಲೇ. ಪ್ರಸಂಗ ಮುಗಿದೊಡನೆ ಯಾರೂ ಮಾತನಾಡುವಂತಿರಲಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಡಲಾಗುತ್ತಿತ್ತು. ಈ ಪ್ರಸಂಗ ಏನು ಹೇಳಿತು ಎಂಬುದನ್ನು ಒಬ್ಬರನ್ನೊಬ್ಬರು ಕೇಳದೆ ಒಂದು ಸಾಲಿನಲ್ಲಿ ಬರೆಯಬೇಕಿತ್ತು. ಚೆನ್ನಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ನನ್ನ ಚೀಟಿಗಳನ್ನು ಗುರುಗಳು ಮೇಜಿನ ಮೇಲೆ ಸಾಲಾಗಿ ಇಟ್ಟರು. “ಒಳ್ಳೆಯ ಗೆಳೆಯರು ಬಿಟ್ಟುಕೊಡುವುದಿಲ್ಲ.” “ಕಷ್ಟ ಬಂದಾಗ ಬೇರೆ ದಾರಿ ಹುಡುಕಬೇಕು.” “ಕಾಯಿಲೆಯವರನ್ನು ಸಭೆಗೆ ಕರೆತರಬೇಕು.” ಕ್ಷಮೆ ಎಂಬ ಮಾತು ಇದ್ದದ್ದು ಒಂದೇ ಚೀಟಿಯಲ್ಲಿ. ನಾನು ಬರೆದುಕೊಂಡಿದ್ದ ವಾಕ್ಯವನ್ನು ಪ್ರಸಂಗದಲ್ಲಿ ಸ್ಪಷ್ಟವಾಗಿ, ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೆ. ರೆಕಾರ್ಡಿಂಗ್ ಅದಕ್ಕೆ ಸಾಕ್ಷಿಯಾಗಿತ್ತು. ಆದರೂ ಅದು ಬೆಂಚಿನವರೆಗೆ ತಲುಪಿರಲಿಲ್ಲ.

ಕಾರಣವನ್ನು ಹುಡುಕಲು ನಾವು ಹಸ್ತಪ್ರತಿಯನ್ನು ಮುಂದಿಟ್ಟುಕೊಂಡೆವು. ಛಾವಣಿಯನ್ನು ನಾನು ವಿಸ್ತಾರವಾಗಿ ವರ್ಣಿಸಿದ್ದೆ: ತೊಲೆಗಳ ಮೇಲೆ ಕೊಂಬೆ ಹಾಸಿ ಮಣ್ಣು ಮೆತ್ತಿದ ಮಟ್ಟಸವಾದ ಮಾಳಿಗೆ, ಹೊರಗಿನಿಂದ ಹತ್ತುವ ಮೆಟ್ಟಿಲು, ಕೆಳಗೆ ಕುಳಿತವರ ತಲೆಯ ಮೇಲೆ ಉದುರುವ ಧೂಳು, ಇನ್ನೊಂದು ಸುವಾರ್ತೆಯಲ್ಲಿ ಲೂಕನು ಇದೇ ಘಟನೆಯಲ್ಲಿ ಹೆಂಚುಗಳ ಮಾತೆತ್ತುವುದು. ಕ್ಷಮೆಯ ಭಾಗಕ್ಕೆ ಬಂದಾಗ ಚಿತ್ರವೆಲ್ಲ ನಿಂತು, ಅಧಿಕಾರ, ದೈವತ್ವ, ಪ್ರಾಯಶ್ಚಿತ್ತ ಎಂಬ ಪದಗಳು ಒಂದರ ಮೇಲೊಂದು ಬಂದಿದ್ದವು. ಕಿವಿಯಿಂದ ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಕಂಡ ಚಿತ್ರ. ಪ್ರಸಂಗಿ ಯಾವುದನ್ನು ಮುಖ್ಯ ಎನ್ನುತ್ತಾನೋ ಅದಕ್ಕಿಂತ, ಯಾವುದರ ಮೇಲೆ ಹೊತ್ತು ಕಳೆಯುತ್ತಾನೋ ಅದೇ ಮುಖ್ಯವೆಂದು ಅವರು ತೆಗೆದುಕೊಳ್ಳುತ್ತಾರೆ. ಹಾಗೆ ತೆಗೆದುಕೊಳ್ಳುವುದು ನ್ಯಾಯವೂ ಹೌದು.

ಛಾವಣಿಯನ್ನು ಪೂರ್ತಿ ಕಿತ್ತುಹಾಕಲು ನಾನು ಸಿದ್ಧನಾಗಿದ್ದೆ. ಗುರುಗಳು ಬೇಡವೆಂದರು. ಚಿತ್ರವನ್ನು ತೆಗೆಯಬೇಡಿ, ಅದನ್ನು ಎಲ್ಲಿಡಬೇಕೆಂದು ಯೋಚಿಸಿ ಎಂಬುದು ಅವರ ಸಲಹೆ. ಹಾಗಾಗಿ ಮಾಳಿಗೆಯ ವರ್ಣನೆ ಎರಡು ಸಾಲಿಗೆ ಇಳಿಯಿತು, ಉಳಿದ ಹೊತ್ತೆಲ್ಲ ನೆಲದ ಮೇಲೆ ಮಲಗಿದ್ದ ಮನುಷ್ಯನ ಬಳಿಗೆ ಹೋಯಿತು. ಅವನು ಇಡೀ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂಬ ಮಾತಿಗೂ ಏಳು ಎಂಬ ಮಾತಿಗೂ ನಡುವೆ ಅವನು ಅಲುಗಾಡದೆ ಹಾಸಿಗೆಯ ಮೇಲೇ ಇದ್ದಾನೆ. ಸುತ್ತಲಿನವರಿಗೆ ಅವನಲ್ಲಿ ಯಾವ ಬದಲಾವಣೆಯೂ ಕಾಣುತ್ತಿಲ್ಲ. ಆದರೂ ಆ ಹೊತ್ತಿಗಾಗಲೇ ಅವನು ಕ್ಷಮೆ ಹೊಂದಿದವನು. ಹೊರಗೆ ಏನೂ ಬದಲಾಗದೆ ಇರುವಾಗಲೂ ಯೇಸುವಿನ ಮಾತು ನಿಜವಾಗಿರುತ್ತದೆ ಎಂಬುದನ್ನು ಆ ಕೆಲವು ಕ್ಷಣಗಳ ಸುತ್ತ ಕಟ್ಟಿದೆ. ಮರಳಿ ಅದೇ ಜನರ ಮುಂದೆ ಒಪ್ಪಿಸಿದಾಗ ಬಂದ ಚೀಟಿಗಳಲ್ಲಿ ಹೆಚ್ಚಿನವು ಕ್ಷಮೆಯ ಬಗ್ಗೆಯೇ ಇದ್ದವು. ಶಾಲೆಯ ಹುಡುಗ ಬರೆದದ್ದು ನನ್ನ ವಾಕ್ಯಕ್ಕಿಂತ ಚೆನ್ನಾಗಿತ್ತು: “ಅವನು ಏಳುವ ಮೊದಲೇ ಕ್ಷಮೆ ಸಿಕ್ಕಿತ್ತು.” ಅಂತಿಮ ಪ್ರತಿಯಲ್ಲಿ ನಾನು ಅದನ್ನೇ ಉಳಿಸಿಕೊಂಡೆ.

ಚೀಟಿಗಳನ್ನು ಓದಿ ಮುಗಿಸಿದ ಮೇಲೆ ಮಾತಿಗೆ ಅವಕಾಶವಿತ್ತು. ಆಗ ಬಂದ ಒಂದು ಪ್ರಶ್ನೆಯನ್ನು ನಾನು ಎಂದಿಗೂ ಮರೆಯಲಾರೆ. ಗಂಡನನ್ನು ಕಳೆದುಕೊಂಡ ಆ ತಾಯಿ ಎಲ್ಲರೂ ಹೇಳುವವರೆಗೂ ಕಾದಿದ್ದು, ಕೊನೆಗೆ ಮೆಲುದನಿಯಲ್ಲಿ, “ತಮ್ಮಾ, ಆ ನಾಲ್ವರ ನಂಬಿಕೆಯನ್ನು ನೋಡಿ ಯೇಸುಸ್ವಾಮಿ ಅವನನ್ನು ಗುಣಪಡಿಸಿದ ಎಂದು ಹೇಳಿದೆಯಲ್ಲ, ನಮ್ಮ ಯಜಮಾನರಿಗಾಗಿ ನಾವೂ ಹಾಗೆಯೇ ನಂಬಿ ಪ್ರಾರ್ಥನೆ ಮಾಡಿದ್ದೆವು. ಹಾಗಾದರೆ ನಮ್ಮ ನಂಬಿಕೆಯಲ್ಲಿ ಏನು ಕಡಿಮೆಯಾಗಿತ್ತು?” ಎಂದು ಕೇಳಿದರು. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಸಭಾಪಾಲಕರು ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತರು. ಅಂದಿನ ಅಭ್ಯಾಸ ಅಲ್ಲಿಗೆ ನಿಂತು, ನಾವೆಲ್ಲ ಅವರೊಂದಿಗೆ ಪ್ರಾರ್ಥನೆ ಮಾಡಿದೆವು.

ಆ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಮತ್ತೆ ವಾಕ್ಯಭಾಗಕ್ಕೆ ಹೋದೆ. ಯೇಸು ಅವರ ನಂಬಿಕೆಯನ್ನು ನೋಡಿದನೆಂದು ಮಾರ್ಕನು ಬರೆಯುತ್ತಾನೆ. ಆ ನಂಬಿಕೆ ಎಷ್ಟಿತ್ತೆಂದು ಅಳೆಯುವುದಿಲ್ಲ, ಇನ್ನೊಬ್ಬರ ನಂಬಿಕೆಯೊಂದಿಗೆ ಹೋಲಿಸುವುದೂ ಇಲ್ಲ. ಆ ನಂಬಿಕೆಯನ್ನು ಕಂಡು ಆತನು ತಕ್ಷಣ ಕೊಟ್ಟದ್ದು ಕ್ಷಮೆಯನ್ನು. ಸ್ವಸ್ಥತೆಯನ್ನು ಕೊಟ್ಟದ್ದು ತನ್ನ ಅಧಿಕಾರಕ್ಕೆ ಗುರುತಾಗಿ. ಅಂದು ಎದ್ದು ನಡೆದವನೂ ಮುಂದೊಂದು ದಿನ ತೀರಿಕೊಂಡಿರಬೇಕು. ಅವನಿಗೆ ಕೊನೆಯವರೆಗೂ ಉಳಿದದ್ದು ಮೊದಲು ಸಿಕ್ಕ ವರವೇ. ನಂಬಿಕೆ ಹೆಚ್ಚಾದರೆ ಗುಣವಾಗುತ್ತದೆ, ಗುಣವಾಗದಿದ್ದರೆ ನಂಬಿಕೆ ಕಡಿಮೆ ಎಂಬ ಲೆಕ್ಕವನ್ನು ಈ ವಾಕ್ಯಭಾಗ ಎಲ್ಲಿಯೂ ಮಾಡುವುದಿಲ್ಲ. ಆದರೆ ಕೇಳುಗರ ಮನಸ್ಸಿನಲ್ಲಿ ಆ ಲೆಕ್ಕ ತಾನಾಗಿ ನಡೆಯುತ್ತದೆ, ಆದ್ದರಿಂದ ಅದು ಹಾಗಲ್ಲ ಎಂದು ಪ್ರಸಂಗಿ ಬಾಯಿಬಿಟ್ಟು ಹೇಳಲೇಬೇಕು. ನಾನು ಪ್ರಸಂಗದಲ್ಲಿ ಹೀಗೊಂದು ಸಾಲು ಸೇರಿಸಿದೆ: “ನಮ್ಮಲ್ಲಿ ಕೆಲವರು ನಮ್ಮ ಪ್ರಿಯರನ್ನು ಹೀಗೆಯೇ ಯೇಸುವಿನ ಬಳಿಗೆ ಹೊತ್ತು ತಂದೆವು, ಅವರು ಎದ್ದು ನಡೆಯಲಿಲ್ಲ, ನಮ್ಮ ನಂಬಿಕೆ ಚಿಕ್ಕದಾಗಿತ್ತೆಂದು ಮಾರ್ಕನು ಹೇಳುವುದಿಲ್ಲ.” ಆ ತಾಯಿಯನ್ನು ಮೊದಲೇ ಭೇಟಿಮಾಡಿ ಆ ಸಾಲನ್ನು ಓದಿ ಹೇಳಿದೆ. “ಇದನ್ನು ಹೇಳು” ಎಂದರು. ಅಂದಿನಿಂದ ಯಾವ ಪ್ರಸಂಗವನ್ನು ಸಿದ್ಧಪಡಿಸಿದರೂ, ಇದರ ವಿರುದ್ಧವಾದುದು ಯಾರ ಬದುಕಿನಲ್ಲಿ ನಡೆದಿದೆಯೋ ಅವರು ಇದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಪ್ರತಿಯೊಂದು ಪುಟದಲ್ಲೂ ಕೇಳಿಕೊಳ್ಳುತ್ತೇನೆ. ಯಾವ ವ್ಯಾಖ್ಯಾನ ಗ್ರಂಥವೂ ನನ್ನಿಂದ ಈ ಪ್ರಶ್ನೆಯನ್ನು ಕೇಳಿಸಿರಲಿಲ್ಲ.

ಹೊಗಳಿಕೆಯ ವಿಷಯದಲ್ಲಿ ನಮ್ಮ ಗುರುಗಳು ಕಟ್ಟುನಿಟ್ಟಾಗಿದ್ದರು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿಯೂ ಆಮೇಲೆ ಕಾನ್‌ಸ್ಟಾಂಟಿನೋಪಲ್‌ನಲ್ಲಿಯೂ ಪ್ರಸಂಗ ಮಾಡಿದ ಯೋಹಾನ ಕ್ರಿಸೊಸ್ತೋಮನಿಗೆ ಜನರು ದೇವಾಲಯದಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. ಆತನು ಅದನ್ನು ಖಂಡಿಸಿ, ಚಪ್ಪಾಳೆ ಬೇಡ, ಕೇಳಿದ್ದನ್ನು ಬದುಕಿನಲ್ಲಿ ತೋರಿಸಿರಿ ಎಂಬ ಅರ್ಥದಲ್ಲಿ ಬೇಡಿಕೊಂಡದ್ದುಂಟು. ಜನರು ಸುವರ್ಣವಾಣಿ ಎಂದು ಕೊಂಡಾಡಿದ ಆತನೇ, ಮಾತಿನ ಶಕ್ತಿ ಹುಟ್ಟಿನಿಂದಲ್ಲ, ಅಭ್ಯಾಸದಿಂದ ಬರುತ್ತದೆ, ಆದ್ದರಿಂದ ಚೆನ್ನಾಗಿ ಮಾತನಾಡಬಲ್ಲವನು ಇತರರಿಗಿಂತ ಹೆಚ್ಚು ಶ್ರಮಪಡಬೇಕು ಎಂದು ಯಾಜಕತ್ವದ ಕುರಿತು ಬರೆಯುವಾಗ ಹೇಳಿದ್ದಾನೆ. ನಮ್ಮ ಅಭ್ಯಾಸದಲ್ಲಿ “ತುಂಬ ಚೆನ್ನಾಗಿತ್ತು” ಎಂದು ಹೇಳಿದವರು ಯಾವ ಮಾತು ಚೆನ್ನಾಗಿತ್ತೆಂದು ಹೇಳಬೇಕಿತ್ತು, ಚೆನ್ನಾಗಿರಲಿಲ್ಲ ಎಂದವರಿಗೂ ಅದೇ ನಿಯಮ. ಒಂದು ಮಾತನ್ನು ಬೆರಳಿಟ್ಟು ತೋರಿಸಲಾಗದ ಅಭಿಪ್ರಾಯದಿಂದ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಒಳ್ಳೆಯದೆಂದು ಗುರುತಿಸಿದ ಮಾತುಗಳೂ ನನಗೆ ಬಹಳ ಉಪಕಾರ ಮಾಡಿದವು. ಯಾವುದನ್ನು ಮುಟ್ಟದೆ ಬಿಡಬೇಕೆಂದು ಅವುಗಳಿಂದಲೇ ತಿಳಿಯಿತು.

ಭಾಷೆಯ ವಿಷಯದಲ್ಲಿ ಮೊದಲು ನೋಡಿದ್ದು ಕ್ರಿಯಾಪದಗಳನ್ನು. ಗುರುಗಳು ನನ್ನ ಹಸ್ತಪ್ರತಿಯಲ್ಲಿ “ಬೇಕು” ಎಂದು ಮುಗಿಯುವ ವಾಕ್ಯಗಳಿಗೆಲ್ಲ ಪೆನ್ಸಿಲಿನಿಂದ ಅಡಿಗೆರೆ ಹಾಕಿದರು. ಪ್ರಾರ್ಥಿಸಬೇಕು, ಕ್ಷಮಿಸಬೇಕು, ನಂಬಬೇಕು, ಬಿಡಬೇಕು: ಕೊನೆಯ ಪುಟ ಅಡಿಗೆರೆಗಳಿಂದಲೇ ತುಂಬಿತ್ತು. ಆಮೇಲೆ ಅದೇ ಪುಟದಲ್ಲಿ ದೇವರು ಕರ್ತೃವಾಗಿರುವ ವಾಕ್ಯಗಳನ್ನು ಗುರುತಿಸಲು ಹೇಳಿದರು, ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸುವಾರ್ತೆ ಎಂದರೆ ದೇವರು ಏನು ಮಾಡಿದನೆಂಬ ವರ್ತಮಾನ. ಮಾಡಬೇಕಾದ್ದು ಅದರಿಂದ ಹುಟ್ಟಬೇಕು. ಮಾಡಬೇಕಾದ್ದರ ಪಟ್ಟಿಯೊಂದನ್ನೇ ಹಿಡಿದು ಮನೆಗೆ ಹೋದವರು ಹೊರೆಯನ್ನು ಹೊತ್ತುಕೊಂಡು ಹೋಗುತ್ತಾರೆ. ಇನ್ನೊಂದು ಸೂಕ್ಷ್ಮವನ್ನು ಹಿಡಿದವರು ಆ ನರ್ಸ್. ಪಾಪದ ಮಾತು ಬಂದಾಗ ಪ್ರಸಂಗಿಗಳು “ನೀವು” ಎನ್ನುತ್ತಾರೆ, ಆಶೀರ್ವಾದದ ಮಾತು ಬಂದಾಗ “ನಾವು” ಎನ್ನುತ್ತಾರೆ ಎಂದು ಅವರು ಹೇಳಿದರು. ನಮ್ಮೆಲ್ಲರ ರೆಕಾರ್ಡಿಂಗ್‌ಗಳನ್ನು ಕೇಳಿ ನೋಡಿದಾಗ ಆ ಮಾತು ಬಹುಮಟ್ಟಿಗೆ ನಿಜವಾಗಿತ್ತು.

ರೆಕಾರ್ಡಿಂಗ್ ಕೇಳುವುದು ಎಲ್ಲರಿಗೂ ಕಷ್ಟದ ಕೆಲಸ, ಆದರೆ ದನಿಯ ವಿಷಯದಲ್ಲಿ ಅದಕ್ಕಿಂತ ನೇರವಾಗಿ ಕಲಿಸುವುದು ಬೇರೊಂದಿಲ್ಲ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎಂಬುದೂ ಕೊನೆಯಲ್ಲೇ ತಿಳಿಯುತ್ತದೆ. ದೇವರು ಪಶ್ಚಾತ್ತಾಪಪಟ್ಟವನನ್ನು ಎಂದಿಗೂ ತಳ್ಳಿಬಿಡುವುದಿಲ್ಲ ಎಂಬ ವಾಕ್ಯದಲ್ಲಿ ಭಾರವೆಲ್ಲ ಆ ಕಡೆಯ ಎರಡು ಅಕ್ಷರಗಳ ಮೇಲಿದೆ. ಉಸಿರು ಮುಗಿಯುತ್ತಾ ಬಂದು ದನಿ ಅಲ್ಲಿಯೇ ಇಳಿದುಬಿಟ್ಟರೆ, ಹಿಂದಿನ ಸಾಲಿನಲ್ಲಿ ಕುಳಿತ, ಕಿವಿ ಸ್ವಲ್ಪ ಮಂದವಾದ ಹಿರಿಯರಿಗೆ ಅರ್ಥ ತಿರುಗುಮುರುಗಾಗಿ ಕೇಳಬಹುದು. ನಾವು ವಾಕ್ಯದ ಕೊನೆಯ ಪದವನ್ನು ಮೊದಲ ಪದದಷ್ಟೇ ಗಟ್ಟಿಯಾಗಿ ಹೇಳುವ ಅಭ್ಯಾಸ ಮಾಡಿದೆವು. ಒಬ್ಬರು ಕೋಣೆಯ ಆ ತುದಿಯಲ್ಲಿ ನಿಂತು, ಕೇಳಿಸಿದ ಕ್ರಿಯಾಪದವನ್ನಷ್ಟೇ ತಿರುಗಿ ಹೇಳಬೇಕು. ಕೇಳಲು ಚಿಕ್ಕ ವಿಷಯ. ಆದರೆ ಇದೊಂದರಿಂದ ಪ್ರಸಂಗ ಅರ್ಥವಾಗುವ ಪ್ರಮಾಣ ಎಷ್ಟು ಬದಲಾಗುತ್ತದೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಮಾಡಿ, ಹೋಗಿ, ನೋಡಿ, ಬಂದು ಎಂದು ಸರಪಳಿಯಾಗಿ ಸಾಗುವ ಬರಹದ ವಾಕ್ಯಗಳನ್ನೂ ಇದೇ ಕಾರಣಕ್ಕೆ ಕತ್ತರಿಸಿದೆವು. ಓದುವವನು ಹಿಂದಕ್ಕೆ ಕಣ್ಣು ಹಾಯಿಸಬಲ್ಲ, ಕೇಳುವವನಿಗೆ ಆ ಸೌಕರ್ಯವಿಲ್ಲ.

ಬರೆದುಕೊಂಡು ಓದುವುದು ಒಳ್ಳೆಯದೇ, ಟಿಪ್ಪಣಿ ಹಿಡಿದು ಮಾತನಾಡುವುದೇ ಎಂಬ ಚರ್ಚೆ ನಮ್ಮಲ್ಲೂ ನಡೆಯಿತು. ನಾನು ಪೂರ್ತಿ ಬರೆಯುವ ಪಕ್ಷದವನು, ಏಕೆಂದರೆ ಬರೆಯದೆ ಇದ್ದರೆ ಯಾವ ಮಾತು ಅನಾವಶ್ಯಕ ಎಂಬುದು ನನಗೆ ಕಾಣುವುದಿಲ್ಲ. ಆದರೆ ಬರೆದದ್ದನ್ನು ಬಾಯಿಪಾಠ ಮಾಡುವುದರ ವಿರುದ್ಧ ಸಂತ ಅಗಸ್ಟೀನನು ಕೊಟ್ಟ ಕಾರಣ ನನ್ನನ್ನು ಪೂರ್ತಿ ಒಪ್ಪಿಸಿದೆ. ಕ್ರೈಸ್ತ ಬೋಧನೆಯ ಕುರಿತಾದ ತನ್ನ ಗ್ರಂಥದ, 426ರ ಸುಮಾರಿಗೆ ಮುಗಿಸಿದ ನಾಲ್ಕನೆಯ ಭಾಗದಲ್ಲಿ ಆತನು ಹೇಳುವುದಿಷ್ಟು: ಕಲಿಯುವ ಆಸೆಯುಳ್ಳ ಜನಸಮೂಹ ತನಗೆ ಅರ್ಥವಾಯಿತೆಂಬುದನ್ನು ತನ್ನ ಚಲನೆಯಿಂದಲೇ ತೋರಿಸುತ್ತದೆ, ಆ ಗುರುತು ಕಾಣುವವರೆಗೆ ಬೋಧಕನು ವಿಷಯವನ್ನು ಬೇರೆ ಬೇರೆ ಬಗೆಯಲ್ಲಿ ತಿರುಗಿಸಿ ಹೇಳಬೇಕು, ಅರ್ಥವಾದ ಮೇಲೆ ಮುಂದಕ್ಕೆ ಹೋಗಬೇಕು, ಅಕ್ಷರಕ್ಕೆ ಅಕ್ಷರ ಕಂಠಪಾಠ ಮಾಡಿದವರಿಂದ ಇದು ಸಾಧ್ಯವಿಲ್ಲ. ಚೀಟಿಯಲ್ಲಿ ಆಮೇಲೆ ಬರುವ ಉತ್ತರ ಮುಖದಲ್ಲಿ ಆಗಲೇ ಬರುತ್ತಿರುತ್ತದೆ. ನಾನು ಪೂರ್ತಿ ಬರೆದು, ತಿದ್ದಿ, ಪ್ರಸಂಗಪೀಠಕ್ಕೆ ಹೋಗುವಾಗ ಒಂದು ಪುಟದ ಟಿಪ್ಪಣಿಯನ್ನಷ್ಟೇ ಒಯ್ಯುತ್ತೇನೆ. ಮೊದಲ ಮತ್ತು ಕೊನೆಯ ವಾಕ್ಯಗಳು ಅದರಲ್ಲಿ ಪೂರ್ತಿಯಾಗಿರುತ್ತವೆ, ಉಳಿದವು ಸೂಚನೆಗಳು.

ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾಗಿ ಬಂದಾಗ ಏನು ಮಾಡುವುದೆಂಬುದು ಸುಲಭದ ಪ್ರಶ್ನೆಯಲ್ಲ. ಒಬ್ಬರು ಇನ್ನೂ ವಿವರಣೆ ಬೇಕಿತ್ತೆಂದರೆ ಇನ್ನೊಬ್ಬರು ಉದ್ದವಾಯಿತೆನ್ನುತ್ತಿದ್ದರು. ಎಲ್ಲರನ್ನೂ ಮೆಚ್ಚಿಸಲು ಹೊರಟರೆ ಪ್ರಸಂಗ ತನ್ನ ಬೆನ್ನೆಲುಬನ್ನೇ ಕಳೆದುಕೊಳ್ಳುತ್ತದೆ. ಕೇಳುಗರು ತಮಗೆ ಏನು ಕೇಳಿಸಿತು ಎಂದು ಹೇಳಿದರೆ ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬೇಕು, ಪ್ರಸಂಗ ಏನು ಹೇಳಬೇಕಿತ್ತು ಎಂದು ಅವರು ಹೇಳಿದರೆ ಅದನ್ನು ವಾಕ್ಯಭಾಗದ ಮುಂದಿಟ್ಟು ತೂಗಬೇಕು ಎಂಬುದು ನಾವು ಕಂಡುಕೊಂಡ ದಾರಿ. ಮೊದಲನೆಯದರಲ್ಲಿ ಅವರೇ ಸಾಕ್ಷಿಗಳು. ಎರಡನೆಯದರಲ್ಲಿ ಅವರೂ ನನ್ನಂತೆ ವಾಕ್ಯಕ್ಕೆ ಅಧೀನರು. ಹೀಗೆ ತೂಗುವಾಗ ಕೇಂಬ್ರಿಡ್ಜಿನ ಹೋಲಿ ಟ್ರಿನಿಟಿ ದೇವಾಲಯದಲ್ಲಿ 1782ರಿಂದ 1836ರವರೆಗೆ ಸೇವೆ ಮಾಡಿದ ಚಾರ್ಲ್ಸ್ ಸಿಮಿಯನ್ ತನ್ನ ಪ್ರಸಂಗಗಳಿಗೆ ಹಚ್ಚುತ್ತಿದ್ದ ಮೂರು ಪರೀಕ್ಷೆಗಳು ನನಗೆ ನೆರವಾದವು: ಇದು ಪಾಪಿಯನ್ನು ತಗ್ಗಿಸುತ್ತದೆಯೇ, ರಕ್ಷಕನನ್ನು ಉನ್ನತಕ್ಕೇರಿಸುತ್ತದೆಯೇ, ಪರಿಶುದ್ಧತೆಯನ್ನು ಬೆಳೆಸುತ್ತದೆಯೇ? ದೇವಾಲಯಗಳಲ್ಲಿ ಸೇವೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳಿಗಾಗಿ ಆತನು ಪ್ರಸಂಗದ ತರಗತಿಗಳನ್ನು ನಡೆಸುತ್ತಿದ್ದನು. ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸುವವರಿಲ್ಲದ ಕಾಲದಲ್ಲಿ ಒಬ್ಬ ಸಭಾಪಾಲಕನು ಮಾಡಿದ ಆ ಕೆಲಸವನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ.

ಭಾನುವಾರದ ಆರಾಧನೆಯಲ್ಲಿ ನಿಂತು ಮಾತನಾಡುವುದು ಅಭ್ಯಾಸದ ಕೋಣೆಗಿಂತ ಬೇರೆಯೇ ಆಗಿತ್ತು. ಅಲ್ಲಿ ಯಾರೂ ನನ್ನನ್ನು ತಿದ್ದಲು ಬಂದಿರುವುದಿಲ್ಲ. ವಾರವಿಡೀ ದಣಿದು ದೇವರ ಮಾತು ಕೇಳಲು ಬಂದಿರುತ್ತಾರೆ. ಆರಾಧನೆ ಮುಗಿದೊಡನೆ ಪ್ರಸಂಗದ ಬಗ್ಗೆ ಕೇಳಬಾರದೆಂದು ಸಭಾಪಾಲಕರು ಮೊದಲೇ ಎಚ್ಚರಿಸಿದ್ದರು. ಆ ಹೊತ್ತು ಜನರು ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಹೊತ್ತು, ಅದನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಾರದು ಎಂಬುದು ಅವರ ಕಾಳಜಿ. ವಾರದ ನಡುವೆ ಯಾರಾದರೂ ಒಬ್ಬಿಬ್ಬರನ್ನು ಭೇಟಿಯಾದಾಗ, ಭಾನುವಾರದ ಮಾತಿನಲ್ಲಿ ಏನಾದರೂ ನೆನಪಿದೆಯೇ ಎಂದು ಕೇಳುತ್ತೇನೆ. ಆಗ ನೆನಪಿರುವುದೇ ಪ್ರಸಂಗ. ಪ್ರಸಂಗಕ್ಕೆ ಮುಂಚೆ ನಾನು ಮಾಡುವ ಪ್ರಾರ್ಥನೆಯೂ ಈ ಅಭ್ಯಾಸದಿಂದ ಬದಲಾಗಿದೆ. ನನ್ನ ನಾಲಿಗೆಯನ್ನು ಉಪಯೋಗಿಸು ಎಂದು ಬೇಡಿಕೊಳ್ಳುತ್ತಿದ್ದವನು, ಈಗ ಕೇಳುವವರಲ್ಲಿ ಕೆಲವರನ್ನು ಹೆಸರೆತ್ತಿ ನೆನೆದು, ಇಂದು ಅವರು ನಿನ್ನ ಮಾತನ್ನು ಕೇಳಲಿ ಎಂದು ಬೇಡಿಕೊಳ್ಳುತ್ತೇನೆ. ಪವಿತ್ರಾತ್ಮನ ಕೆಲಸಕ್ಕೂ ಚೀಟಿಗಳಿಗೂ ವಿರೋಧವಿದೆ ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಆ ತಾಯಿಯ ಪ್ರಶ್ನೆಯನ್ನು ನನ್ನ ಮುಂದೆ ತಂದವನು ಆತನೇ ಎಂದು ನಂಬುತ್ತೇನೆ.

ಈಗ ಹೊಸಬರು ಅಭ್ಯಾಸಕ್ಕೆ ಬಂದಾಗ ಚೀಟಿಗಳನ್ನು ಜೋಡಿಸಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾವು ಈ ಕ್ರಮವನ್ನು ಅನ್ವಯಿಸದೆ ಬಿಟ್ಟಿರುವುದು ಒಂದೇ ಕಡೆ, ಸಮಾಧಿ ಆರಾಧನೆಯ ಪ್ರಸಂಗಕ್ಕೆ. ಅದನ್ನು ಸಿದ್ಧಪಡಿಸಲು ಒಂದು ರಾತ್ರಿಯೂ ಸಿಗುವುದಿಲ್ಲ, ಕೇಳುವ ಕುಟುಂಬವನ್ನು ನಿಮಗೆ ಏನು ಕೇಳಿಸಿತು ಎಂದು ಕೇಳುವಂತೆಯೂ ಇಲ್ಲ. ಆದ್ದರಿಂದ ಸಭಾಪಾಲಕರು ಕಲಿಯುವವರ ಕೈಯಲ್ಲಿ ಅಂಥ ಪ್ರಸಂಗವನ್ನು ಯಾರ ಸಾವೂ ಎದುರಿಗಿಲ್ಲದ ದಿನಗಳಲ್ಲೇ ಬರೆಸುತ್ತಾರೆ, ಬರೆದದ್ದನ್ನು ಒಬ್ಬರೇ ಕುಳಿತು ಓದುತ್ತಾರೆ. ತೀರಿಕೊಂಡವರ ಕುರಿತು ನಿಜವಲ್ಲದ ಮಾತು ಒಂದಾದರೂ ಇದೆಯೇ, ಪುನರುತ್ಥಾನದ ನಿರೀಕ್ಷೆ ಒಂದು ಸರಳ ವಾಕ್ಯದಲ್ಲಿ ಬಂದಿದೆಯೇ, ಅಳುತ್ತಿರುವವರಿಗೆ ಅಳಬೇಡಿ ಎಂದು ಎಲ್ಲಿಯಾದರೂ ಹೇಳಿದೆಯೇ ಎಂದು ನೋಡುತ್ತಾರೆ. ಕೊನೆಯದು ಸಿಕ್ಕರೆ ಅದನ್ನು ಹೊಡೆದುಹಾಕಿ, ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನ ಸಮಾಧಿಗೆ ಹೋಗುವಾಗ ಯೇಸು ತಾನೇ ಕಣ್ಣೀರು ಬಿಟ್ಟನೆಂಬ ವಚನದ ಸಂಖ್ಯೆಯನ್ನು ಅಂಚಿನಲ್ಲಿ ಬರೆದು, ಪ್ರತಿಯನ್ನು ಹಿಂದಕ್ಕೆ ಕೊಡುತ್ತಾರೆ.